ಹಿಂದಿನ ಸೀಟಿನ ಗುರುಗಳು

ಕಾಫಿ ತೋಟದಲ್ಲಿ ವಾಹನ ಕಲಿಯುವವನಿಗೆ ಏಕಾಂತವೆಂಬುದು ದಕ್ಕುವುದಿಲ್ಲ. ಪೇಟೆಯ ಹುಡುಗರು ನಸುಕಿನಲ್ಲೆದ್ದು, ಖಾಲಿ ಮೈದಾನ ಹುಡುಕಿಕೊಂಡು ಹೋಗಿ, ಯಾರ ಕಿವಿಗೂ ಬೀಳದಂತೆ ಗೇರು ಕಿರುಗುಟ್ಟಿಸಿ, ಮಾನ ಉಳಿಸಿಕೊಂಡು ಮನೆಗೆ ಮರಳುತ್ತಾರೆ. ಮೂಡಿಗೆರೆ ತಾಲ್ಲೂಕಿನ ನಮ್ಮ ಕಡೆಯಲ್ಲಿ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿದರೆ ಸಾಕು, ಕೆಲಸಗಾರರ ಲೈನು ಮನೆಗಳಿಂದ, ಕಣದಿಂದ, ಕೆಲವೊಮ್ಮೆ ಕಾಫಿ ಗಿಡಗಳ ಸಂದಿನಿಂದಲೇ ಜನ ಎದ್ದು ಬಂದು, ಎಲ್ಲಿಗೆ ಹೋಗುತ್ತದೆ ಎಂದು ಕೂಡ ವಿಚಾರಿಸದೆ ಹಿಂದೆ ಹತ್ತಿ ಕುಳಿತುಬಿಡುತ್ತಾರೆ. ದೊಡ್ಡಪ್ಪನ ಮಾರುತಿ ಜಿಪ್ಸಿಯನ್ನು ನಾನು ಕಲಿತದ್ದು ಇಂತಹ ತುಂಬಿದ ಸಭೆಯಲ್ಲಿ. (ರಸ್ತೆ ತೋಟದೊಳಗಿನದಾಗಿದ್ದರಿಂದ ಕಾನೂನಿನ ತಕರಾರು ಇರಲಿಲ್ಲ, ಇದ್ದ ತಕರಾರೆಲ್ಲ ಸಭಿಕರದು.)

ಜಿಪ್ಸಿ ನಮ್ಮ ದೇಶದ ರಸ್ತೆಗಿಳಿದದ್ದು 1985ರಲ್ಲಿ. ದೊಡ್ಡಪ್ಪನದು ಆ ಮೊದಲ ಮಾದರಿಯ, 970 ಸಿ.ಸಿ. ಎಂಜಿನ್ನಿನ, ನಾಲ್ಕೇ ಗೇರಿನ ಗಾಡಿ. 1996ರಲ್ಲಿ 1300 ಸಿ.ಸಿ.ಯ ಜಿಪ್ಸಿ ಕಿಂಗ್ ಬಂದು, ಅದನ್ನು ಪಕ್ಕದ ತೋಟದವರು ಕೊಂಡ ಮೇಲೆ, ಅವರು ನಮ್ಮ ಗಾಡಿಯ ಆರೋಗ್ಯವನ್ನು ವಯಸ್ಸಾದವರ ಆರೋಗ್ಯ ವಿಚಾರಿಸುವ ಧಾಟಿಯಲ್ಲಿ ವಿಚಾರಿಸತೊಡಗಿದ್ದರು. ಒಂದು ಟನ್ನೂ ತೂಗದ ಆ ಗಾಡಿಗೆ ನಾಲ್ಕೂ ಕಡೆ ಇದ್ದದ್ದು ಹೊರೆ ಹೊರಲೆಂದೇ ಮಾಡಿದ ಬಿಗಿ ಪಟ್ಟೆ ಸ್ಪ್ರಿಂಗುಗಳು. ಆದ್ದರಿಂದ ಖಾಲಿ ಗಾಡಿ ಮೂಗುದಾರ ಕಾಣದ ಹೋರಿಗರುವಿನಂತೆ ಪ್ರತಿ ಕಲ್ಲಿಗೂ ನೆಗೆಯುತ್ತಿತ್ತು. ಹಿಂದೆ 50 ಕೆ.ಜಿ.ಯ ಗೊಬ್ಬರದ ಚೀಲಗಳನ್ನೋ, ಎದುರುಬದುರು ಬೆಂಚಿನ ತುಂಬ ಜನರನ್ನೋ ಕೂರಿಸಿದರೆ ತೆಪ್ಪಗಾಗುತ್ತಿತ್ತು. ಚೀಲಗಳು ಮಾತಾಡುವುದಿಲ್ಲವೆಂಬ ಕಾರಣಕ್ಕೆ ನನ್ನ ಒಲವು ಅವುಗಳ ಕಡೆಗೇ ಇತ್ತಾದರೂ, ವರ್ಷವಿಡೀ ಗೊಬ್ಬರ ಹಾಕುವ ತೋಟ ಎಲ್ಲಿಯೂ ಇಲ್ಲ. ಹೀಗಾಗಿ ಜನ ಬೇಕೇ ಬೇಕಾಗಿತ್ತು, ಮತ್ತು ಉಪಕಾರ ನಮ್ಮದೋ ಅವರದೋ ಎಂಬುದು ಕಡೆಗೂ ಇತ್ಯರ್ಥವಾಗಲಿಲ್ಲ.

ಗದ್ದೆಯ ಮಗ್ಗುಲಿನ ಏರು ನಮ್ಮ ನಿಜವಾದ ಪಾಠಶಾಲೆ. ಆರಿದ್ರಾ ಮಳೆ ಹಿಡಿದ ಮೇಲೆ ಅಲ್ಲಿನ ಕೆಂಪು ಮಣ್ಣು ಜಾರಲು ಶುರುವಾದರೆ, ಮಾಮೂಲಿನಂತೆ ಹಿಂದಿನ ಎರಡೇ ಚಕ್ರಗಳ ಬಲದಲ್ಲಿ ಓಡುವ ಜಿಪ್ಸಿ ಅರ್ಧ ಏರಿ, ನಿಂತಲ್ಲೇ ಚಕ್ರ ತಿರುಗಿಸುತ್ತ ಹಿಂದಿನವರ ಬೆನ್ನಿಗೆಲ್ಲ ಕೆಸರು ಹಾರಿಸುತ್ತಿತ್ತು. ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಸಣ್ಣ ಲಿವರ್ ಗೇರಿನ ಪಕ್ಕದಲ್ಲೇ ಇತ್ತು. ಆದರೆ ಅದನ್ನು ಎಳೆದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಕೆಳಗಿಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಇದ್ದ ತಿರುಪು ಗುಬ್ಬಿಯನ್ನು ‘ಫ್ರೀ’ ಎಂಬಲ್ಲಿಂದ ‘ಲಾಕ್’ ಎಂಬಲ್ಲಿಗೆ ಕೈಯಿಂದಲೇ ತಿರುಗಿಸಬೇಕಿತ್ತು. ಇದರ ಅಗತ್ಯ ಮನುಷ್ಯನಿಗೆ ಹೊಳೆಯುವುದು ಗಾಡಿ ಹೂತ ಮೇಲೆ, ಗಾಡಿ ಹೂತ ಮೇಲೆ ಆ ಗುಬ್ಬಿ ಇರುವುದು ಕೆಸರಿನೊಳಗೆ. ನಾನು ಮಂಡಿಯೂರಿ, ಬೆರಳಿನಿಂದ ಮಣ್ಣು ಕೆರೆದು, ಬಾಣದ ಗುರುತು ಯಾವ ಕಡೆಗಿದೆ ಎಂದು ಹುಡುಕುವ ಹೊತ್ತಿಗೆ ರಕ್ತ ಹೀರುವ ಇಂಬಳಗಳು ಯಾವ ಗುರುತಿನ ನೆರವೂ ಇಲ್ಲದೆ ನನ್ನ ಮೀನಖಂಡವನ್ನು ಹುಡುಕಿಕೊಂಡಿರುತ್ತಿದ್ದವು. ಮೇಲಿನಿಂದ ಒಬ್ಬರು ಎಡಕ್ಕೆ ಎನ್ನುವರು, ಇನ್ನೊಬ್ಬರು ಬಲಕ್ಕೆ ಎನ್ನುವರು. ಲೈನಿನ ಹಿರಿಯಜ್ಜಿಯೊಬ್ಬರು ಮಾತ್ರ ಎಲೆಯಡಿಕೆಯನ್ನು ದವಡೆಯ ಒಂದು ಬದಿಗೆ ಸರಿಸಿ, ‘ಮಗಾ, ಮೊದ್ಲು ಇಂಬಳ ಕಿತ್ಕೊ, ಗಾಡಿ ಎಲ್ಲೂ ಓಡೋಗಲ್ಲ’ ಎನ್ನುತ್ತಿದ್ದರು. ಆ ಸಂದರ್ಭದಲ್ಲಿ ಇದಕ್ಕಿಂತ ಖಚಿತವಾದ ಮಾತು ಇರಲಿಲ್ಲ.

ಏರುವುದಕ್ಕಿಂತ ಇಳಿಯುವುದು ಕಷ್ಟವೆಂದು ಹೇಳಿಕೊಟ್ಟವರು ದೊಡ್ಡಪ್ಪನ ಡ್ರೈವರು. ‘ಲೋ ಗೇರಿಗೆ ಹಾಕ್ಕೊಳ್ಳಿ ಅಣ್ಣಯ್ಯ, ಆಮೇಲೆ ಕ್ಲಚ್ ತುಳಿಬೇಡಿ, ಬ್ರೇಕೂ ತುಳಿಬೇಡಿ, ಗಾಡಿ ತಾನೇ ಇಳಿತದೆ’ ಎಂದು ಅವರು ಅಪ್ಪಣೆ ಮಾಡಿದಾಗ, ಎರಡನ್ನೂ ತುಳಿಯದಿದ್ದರೆ ದೇವರು ಕಾಲು ಕೊಟ್ಟದ್ದೇಕೆ ಎಂದು ನನಗೆ ನಿಜಕ್ಕೂ ಅನಿಸಿತ್ತು. ಒದ್ದೆ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಎಂಜಿನ್ನಿನ ಹಿಡಿತದಲ್ಲೇ ಬಿಟ್ಟರೆ ಚಕ್ರ ಉರುಳುತ್ತಲೇ ನೆಲವನ್ನು ಕಚ್ಚುತ್ತದೆ. ಈ ತತ್ತ್ವ ತಲೆಗೆ ಹೋಯಿತು, ಕಾಲಿಗೆ ಹೋಗಲು ತಡವಾಯಿತು. ನಡುವೆ ಒಮ್ಮೆ ಗಾಡಿ ಅಡ್ಡಡ್ಡ ಜಾರಿ ರಸ್ತೆಬದಿಯ ಮಣ್ಣಿನ ಧರೆಗೆ ಒರಗಿ ನಿಂತಾಗ, ಹಿಂದಿನವರೆಲ್ಲ ಬಸ್ಸಿನ ನಿಲ್ದಾಣ ಬಂತೆಂಬಷ್ಟು ಸಮಾಧಾನದಿಂದ ಇಳಿದು, ಗಾಡಿಯನ್ನು ದೂಡಿ ನೆಟ್ಟಗೆ ಮಾಡಿ, ಮತ್ತೆ ತಮ್ಮತಮ್ಮ ಜಾಗಗಳಲ್ಲಿ ಕುಳಿತರು. ಅಲ್ಲಿಂದ ಮುಂದಕ್ಕೆ ನಡೆದು ಹೋಗುವ ಯೋಚನೆ ಯಾರಿಗೂ ಬಾರದಿದ್ದುದು ನನ್ನ ಮೇಲಿನ ವಿಶ್ವಾಸದಿಂದಲೋ, ಮಳೆಯಿಂದಲೋ ಹೇಳಲಾರೆ.

ರಿವರ್ಸ್ ತೆಗೆಯುವುದಂತೂ ಸಂಪೂರ್ಣವಾಗಿ ಅವರದೇ ಇಲಾಖೆ. ಟಾರ್ಪಾಲಿನ ಹಿಂಬದಿಗೆ ಹೊಲಿದಿದ್ದ ಪ್ಲಾಸ್ಟಿಕ್ ಹಾಳೆ ಹಳದಿಗಟ್ಟಿ, ಅದರ ಮೂಲಕ ಹಗಲೋ ರಾತ್ರಿಯೋ ಎಂಬುದಷ್ಟೇ ತಿಳಿಯುತ್ತಿತ್ತು. ‘ಬರ್ಲಿ, ಬರ್ಲಿ, ಬರ್ಲಿ’ ಎಂಬ ಮೇಳಕ್ಕೆ ಕಾಲು ಹೊಂದಿಸಿ, ‘ಸಾಕ್ ಸಾಕ್!’ ಎಂದೊಡನೆ ಬ್ರೇಕು ಒತ್ತುವುದನ್ನು ನಾನು ಕಣ್ಣು ಮುಚ್ಚಿ ಮಾಡಬಲ್ಲವನಾದೆ.

ಲೈಸೆನ್ಸ್ ಪರೀಕ್ಷೆಗೆಂದು ಚಿಕ್ಕಮಗಳೂರಿಗೆ ಹೊರಟ ದಿನ ಗಾಡಿ ಓಡಿಸಿದವರು ಡ್ರೈವರು. ಮೂಡಿಗೆರೆಯಿಂದ ಸುಮಾರು 30 ಕಿ.ಮೀ. ದೂರದ ಜಿಲ್ಲಾ ಕೇಂದ್ರಕ್ಕೆ ಜಿಪ್ಸಿ ಹೇಗೂ ಹೋಗುತ್ತಿದೆಯೆಂದು, ಹಲ್ಲು ತೋರಿಸುವವರು, ಮಗಳ ಮನೆಗೆ ಹೋಗುವವರು, ಯಾವ ಕೆಲಸವೂ ಇಲ್ಲದವರು ಎಲ್ಲರೂ ಜೊತೆಗೂಡಿದ್ದರು. ಪರೀಕ್ಷೆಯ ಅಂಗಳದಲ್ಲಿ ಅವರೆಲ್ಲ ಇಳಿದು ಬೇಲಿಯ ಪಕ್ಕ ಸಾಲಾಗಿ ನಿಂತರು. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕುಳಿತು ಮುಂದೆ ಹೋಗಲು ಹೇಳಿದರು, ಹೋದೆ. ತಿರುಗಿಸಲು ಹೇಳಿದರು, ತಿರುಗಿಸಿದೆ. ಹಿಂದಕ್ಕೆ ತೆಗೆಯಲು ಹೇಳಿದಾಗ ಬೇಲಿಯ ಕಡೆಯಿಂದ ‘ಬರ್ಲಿ, ಬರ್ಲಿ’ ಶುರುವಾಯಿತು. ‘ಸಾಕ್ ಸಾಕ್!’ ಎಂಬುದು ಕೇಳಿದ್ದೇ ತಡ, ಅಭ್ಯಾಸಬಲದಿಂದ ನನ್ನ ಕಾಲು ಬ್ರೇಕಿನ ಮೇಲೆ ಬಿದ್ದು, ಇನ್‌ಸ್ಪೆಕ್ಟರ ಕೈಯಲ್ಲಿದ್ದ ಪೆನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು.

ಅವರು ಪೆನ್ನು ಎತ್ತಿಕೊಂಡು, ಹೊರಗೆ ಕತ್ತು ಹಾಕಿ, ‘ಯಾರ್ರೀ ಅವರೆಲ್ಲ?’ ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗಲೇ ಅಜ್ಜಿ ಎಲೆಯಡಿಕೆಯನ್ನು ಬದಿಗೆ ಸರಿಸಿ, ‘ಕೊಟ್ಬಿಡಿ ಸ್ವಾಮಿ, ಕಲ್ಸಿರೋದು ನಾವೇಯ’ ಎಂದರು.