ಸೂಜಿಗಿಂತ ಮೊದಲು ಬಸ್ಕಿ

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವ ನಮ್ಮ ಗುಂಪಿನಲ್ಲಿ ಮೊದಲು ಶುಗರ್, ಬಿಪಿ, ಪಿಂಚಣಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಈಗ ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನು ಸೇರಿಕೊಂಡಿದೆ. ಹೆಂಗಸರು ಯಾರಾದರೂ ಎದುರಿಗೆ ಬಂದರೆ ಮಾತು ತಟ್ಟನೆ ಕ್ರಿಕೆಟ್‌ಗೆ ತಿರುಗುತ್ತದೆ. ‘ಇಂಜೆಕ್ಷನ್ ತಗೊಳ್ಳಿ ಸಾರ್, ಮತ್ತೆ ನಲವತ್ತರ ಹಾಗೆ ಆಗ್ತೀರಿ’ ಅಂತ ಒಬ್ಬರು ನನಗೂ ಹೇಳಿದರು.

ನನಗೆ 64. ಹೋದ ವರ್ಷ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಆಗದೆ ಬಿಟ್ಟೆ. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಸಂಜೆ ಬೋಂಡಾ, ಕಾಫಿ ಮುಗಿಸಿ ಲ್ಯಾಬ್ ಒಂದರಲ್ಲಿ ರಕ್ತ ಕೊಟ್ಟು ಬಂದೆ. ಹಾರ್ಮೋನು ಕಡಿಮೆ ಅಂತ ಬಂತು. ಇಂಜೆಕ್ಷನ್ ರೇಟನ್ನೂ ಅಲ್ಲೇ ಹೇಳಿಬಿಟ್ಟರು!

ನಮ್ಮ ಡಾಕ್ಟರು ರಿಪೋರ್ಟ್ ನೋಡಿ ಬೈದರು. ಈ ಹಾರ್ಮೋನು ಬೆಳಿಗ್ಗೆ ಜಾಸ್ತಿ, ಸಂಜೆಗೆ ಇಳಿಯುತ್ತದೆ. ಏನಾದರೂ ತಿಂದರೂ ಇಳಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅದೂ ಎರಡು ಬೇರೆ ದಿನ ನೋಡಬೇಕಂತೆ. ಹಾಗೇ ಮಾಡಿಸಿದೆ. ಎರಡೂ ಸಲ ಸರಿಯಾಗೇ ಇತ್ತು.

ಈ ಹಾರ್ಮೋನು ತಯಾರಿಸುವ ವೃಷಣ ಅಥವಾ ಅದಕ್ಕೆ ಸೂಚನೆ ಕೊಡುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯೇ ಕೆಟ್ಟವರಿಗೆ ಈ ಚಿಕಿತ್ಸೆ ಬೇಕೇ ಬೇಕು. ಅದರಲ್ಲಿ ನನ್ನ ತಕರಾರಿಲ್ಲ. ವಯಸ್ಸಾಯಿತು ಅನ್ನೋ ಒಂದೇ ಕಾರಣಕ್ಕೆ ಚುಚ್ಚಿಸಿಕೊಳ್ಳುವುದಕ್ಕೆ ಮಾತ್ರ ನನ್ನ ವಿರೋಧ. ಮೂಳೆ ವಿಷಯವನ್ನೇ ನೋಡಿ. ಗಂಡಸರ ಮೂಳೆ ಕಾಯುವುದರಲ್ಲಿ ಹೆಂಗಸರ ಹಾರ್ಮೋನು ಅನ್ನಿಸಿಕೊಂಡ ಈಸ್ಟ್ರೋಜನ್‌ದೇ ದೊಡ್ಡ ಪಾಲು. ಟೆಸ್ಟೋಸ್ಟೆರಾನ್‌ನ ಒಂದಿಷ್ಟು ಭಾಗ ಮೈಯೊಳಗೇ ಅದಾಗಿ ಬದಲಾಗುತ್ತದೆ. ಮೀಸೆ ತಿರುವುವವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಹಾರ್ಮೋನು ಕಡಿಮೆ ಇದ್ದ, 65 ದಾಟಿದ ಗಂಡಸರು ಒಂದು ವರ್ಷ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಂಡರು. ಬೆನ್ನುಮೂಳೆ ಸಾಂದ್ರತೆ ಚೆನ್ನಾಗಿ ಹೆಚ್ಚಿತು. ಎಲ್ಲರಿಗೂ ಖುಷಿ.

2024ರಲ್ಲಿ ಟ್ರಾವರ್ಸ್ ಅನ್ನುವ ದೊಡ್ಡ ಅಧ್ಯಯನದ ಲೆಕ್ಕ ಬಂತು. 5,204 ಗಂಡಸರು, ಸುಮಾರು ಮೂರು ವರ್ಷ. ನಿಜವಾದ ಜೆಲ್ ಹಚ್ಚಿಕೊಂಡವರಲ್ಲಿ 91 ಜನರಿಗೆ ಮೂಳೆ ಮುರಿಯಿತು, ಔಷಧವಿಲ್ಲದ ಸುಳ್ಳು ಜೆಲ್‌ನವರಲ್ಲಿ 64. ಸಾಂದ್ರತೆ ಏರಿಸುವ ಔಷಧದಲ್ಲೇ ಜಾಸ್ತಿ ಜನರ ಮೂಳೆ ಮುರಿದರೆ ಏನನ್ನಬೇಕು? ಹಾರ್ಟ್ ಅಟ್ಯಾಕ್ ಜಾಸ್ತಿ ಆಗಲಿಲ್ಲ, ಅದೊಂದು ಸಮಾಧಾನ. ಆದರೆ ಎದೆಬಡಿತ ಏರುಪೇರಾಗುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚೇ ಕಂಡಿತು.

ಸ್ನಾಯು? ಬೆಳೆಯುತ್ತದೆ, ಕೊಬ್ಬೂ ಕರಗುತ್ತದೆ, ಸುಳ್ಳಲ್ಲ. ಆದರೆ ನಡಿಗೆಯಲ್ಲಿ, ಮೆಟ್ಟಿಲು ಹತ್ತುವುದರಲ್ಲಿ ಸಿಗುವ ಲಾಭ ಅಷ್ಟಕ್ಕಷ್ಟೆ.

ನಮ್ಮ ದೊಡ್ಡಪ್ಪ ಗರಡಿಯಲ್ಲಿ ಸಾಮು ಮಾಡಿದವರು. ಎಪ್ಪತ್ತರಲ್ಲೂ ಬೆಳಿಗ್ಗೆ ಎದ್ದು ಬಸ್ಕಿ ಹೊಡೆಯುತ್ತಿದ್ದರು. ಅವರ ಹಾರ್ಮೋನು ಎಷ್ಟಿತ್ತೋ, ಯಾರೂ ಅಳೆದವರಿಲ್ಲ. ಸ್ನಾಯುವಾಗಲಿ ಮೂಳೆಯಾಗಲಿ, ಭಾರ ಬಿದ್ದರೇ ಗಟ್ಟಿಯಾಗುವುದು. ಕೆರೆ ಸುತ್ತುವುದು ಹೃದಯಕ್ಕೆ ಒಳ್ಳೆಯದು, ತೊಡೆಗೆ ಸಾಲದು. ಮೈಸೂರಲ್ಲಿ ಹುಟ್ಟಿ ಇದನ್ನು ಡಾಕ್ಟರ ಬಾಯಿಂದ ಕೇಳಬೇಕಾಯಿತಲ್ಲ!

ಈಗ ಕುರ್ಚಿ ಹಿಡಿದು ಬಸ್ಕಿ ಹೊಡೆಯುತ್ತೇನೆ. ವಾರಕ್ಕೆ ಮೂರು ದಿನ, ಹತ್ತತ್ತರಂತೆ ಮೂರು ಸಲ. ಮುದ್ದೆ ಉಪ್ಸಾರು ಬಿಟ್ಟಿಲ್ಲ, ಜೊತೆಗೆ ಎರಡು ಮೊಟ್ಟೆ, ಹುರುಳಿಕಾಳು ಸೇರಿದೆ. ಮೊದಲ ವಾರ ಮಂಡಿ ಹಿಡಿದುಕೊಂಡು ‘ಅಮ್ಮಾ’ ಅಂದಿದ್ದೂ ಉಂಟು.

ಸಿಲಿಂಡರನ್ನು ಈಗಲೂ ಡೆಲಿವರಿ ಹುಡುಗನೇ ಒಳಗಿಡುತ್ತಾನೆ. ಹತ್ತು ಕೇಜಿ ರಾಗಿ ಚೀಲ ಮಾತ್ರ ನಾನೇ ಮಾಳಿಗೆಗೆ ಹೊರುತ್ತೇನೆ. ಹೆಂಡತಿ ಹಿಂದೆಯೇ ಬರುತ್ತಾಳೆ, ಬಿದ್ದರೆ ಹಿಡಿಯೋದಕ್ಕಂತೆ.