ಇದನ್ನು ಯಾವುದಕ್ಕೆ ಕಲಸಿಕೊಳ್ಳುವುದು?

ಬೆಂಗಳೂರಿನ ಹೋಟೆಲುಗಳಲ್ಲಿ ಸೂಪ್ ಎನ್ನುವುದು ರೋಟಿ ಬರುವವರೆಗೆ ಕಾಲ ಕಳೆಯಲು ಮಾಡಿಟ್ಟ ಏರ್ಪಾಡು. ‘ಟೊಮ್ಯಾಟೊ ಸೂಪ್, ಒನ್ ಬೈ ಟೂ’ ಎಂದರೆ ಸಾಕು, ಎರಡು ಪುಟ್ಟ ಬಟ್ಟಲುಗಳಲ್ಲಿ ಕೆಂಪು ದ್ರವ ಬರುತ್ತದೆ, ಮೇಲೆ ಕರಿದ ಬ್ರೆಡ್ಡಿನ ಚೂರುಗಳು ತೇಲುತ್ತಿರುತ್ತವೆ, ಮೆಣಸಿನ ಪುಡಿಯ ಡಬ್ಬಿ ಪಕ್ಕದ ಮೇಜಿನಿಂದ ಕೈಬದಲಾಗಿ ನಮ್ಮ ಬಳಿಗೆ ಬರುವಷ್ಟರಲ್ಲಿ ಬ್ರೆಡ್ಡು ನೆನೆದು ತಳ ಸೇರಿರುತ್ತದೆ. ಟೊಮ್ಯಾಟೊ, ನೀರು, ಉಪ್ಪು, ಮೆಣಸು ಬಿಟ್ಟರೆ ಅದರಲ್ಲಿ ಇನ್ನೇನಿದೆ ಎಂದು ಬಿಲ್ಲು ಕೊಡುವ ಹೊತ್ತಿನಲ್ಲಿ ಯಾವ ಗಂಡಸಿಗೂ ಅನಿಸುತ್ತದೆ. ಹಾಗೆ ಅನಿಸಿದ್ದನ್ನು ಹೆಂಡತಿಯ ಎದುರು ಬಾಯಿಬಿಟ್ಟು ಹೇಳಿದವರು ಮಾತ್ರ ಮರುದಿನ ಅಡುಗೆಮನೆಗೆ ಇಳಿಯಬೇಕಾಗುತ್ತದೆ.

ನಾನು ಇಳಿದೆ. ಟೊಮ್ಯಾಟೊ, ಈರುಳ್ಳಿ, ಒಂದು ಗಜ್ಜರಿ, ನಾಲ್ಕು ಬೆಳ್ಳುಳ್ಳಿ ಎಸಳುಗಳನ್ನು ಕುಕ್ಕರಿನಲ್ಲಿ ಬೇಯಿಸುವವರೆಗೆ ಎಲ್ಲವೂ ಶಾಂತವಾಗಿಯೇ ನಡೆಯಿತು. ಮುಂದಿನದು ಮಿಕ್ಸಿಯ ಕೆಲಸ. ಕುದಿಯುವ ಪದಾರ್ಥವನ್ನು ಜಾರಿನ ಕತ್ತಿನವರೆಗೆ ತುಂಬಿ ಮುಚ್ಚಳ ಒತ್ತಿ ಗುಂಡಿ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ: ನೀರು ಹಬೆಯಾದಾಗ 1,600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ, ಬ್ಲೇಡು ತಿರುಗುತ್ತಿದ್ದಂತೆ ಬಿಸಿ ರಸವೆಲ್ಲ ಒಮ್ಮೆಲೇ ಹಬೆಯುಗುಳುತ್ತದೆ, ಪಾಪದ ಮುಚ್ಚಳಕ್ಕೆ ಮೇಲೆ ಹೋಗದೆ ಬೇರೆ ದಾರಿ ಇರುವುದಿಲ್ಲ. ಮುಚ್ಚಳ ಹೋಯಿತು. ಅದರ ಹಿಂದೆಯೇ ಸೂಪೂ ಹೋಯಿತು. ಟ್ಯೂಬ್‌ಲೈಟು, ಗ್ಯಾಸಿನ ಪೈಪು, ಫ್ರಿಡ್ಜಿನ ನೆತ್ತಿ, ಗೋಡೆಯ ಕ್ಯಾಲೆಂಡರು ಯಾವುದನ್ನೂ ಅದು ಉಪೇಕ್ಷಿಸಲಿಲ್ಲ. ಮರುದಿನ ಬೆಳಿಗ್ಗೆ ಮಗಳು ಕ್ಯಾಲೆಂಡರಿನಲ್ಲಿ ಒಂದು ಬುಧವಾರ ಕೆಂಪಾಗಿರುವುದನ್ನು ಕಂಡು, ಸರ್ಕಾರಿ ರಜೆ ಇದೆಯೆಂದು ಸಂಭ್ರಮಿಸಿ, ಹತ್ತಿರ ಹೋಗಿ ನೋಡಿದಾಗ ಆ ರಜೆಯ ನಡುವೆ ಒಂದು ಟೊಮ್ಯಾಟೊ ಬೀಜ ಅಂಟಿಕೊಂಡಿತ್ತು. ಬಿಸಿಯಾಗಿದ್ದರೆ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮೊದಲು ಆರಲು ಬಿಡಬೇಕು ಎಂಬ ಸಂಗತಿಯನ್ನು ಮಿಕ್ಸಿಯ ಜೊತೆಗೆ ಬರುವ ಪುಸ್ತಿಕೆಯಲ್ಲಿ ಅಚ್ಚು ಹಾಕಿರುತ್ತಾರೆ. ಆ ಪುಸ್ತಿಕೆಯನ್ನು ಓದುವ ಅಭ್ಯಾಸವಿರುವ ಕುಟುಂಬವನ್ನು ನಾನಂತೂ ಇನ್ನೂ ಕಂಡಿಲ್ಲ.

ಜಾರಿನಲ್ಲಿ ಉಳಿದಿದ್ದ ಪ್ರಸಾದ ತೀರ ನೀರಾಗಿದ್ದುದರಿಂದ ಅದನ್ನು ಗಟ್ಟಿಗೊಳಿಸಲು ಕಾರ್ನ್‌ಫ್ಲೋರ್ ಬೇಕಾಯಿತು. ಈ ಹಿಟ್ಟು ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಹೀರಿ ಉಬ್ಬಿ ದ್ರವವನ್ನು ಮಂದವಾಗಿಸುತ್ತದೆ. ಆದರೆ ಒಣ ಹಿಟ್ಟನ್ನು ನೇರವಾಗಿ ಕುದಿಯುವುದಕ್ಕೆ ಸುರಿದರೆ ಹೊರಪದರ ಮಾತ್ರ ತಕ್ಷಣ ಬೆಂದು ಅಂಟಾಗಿ, ಒಳಗಿನ ಹಿಟ್ಟನ್ನು ಭದ್ರವಾಗಿ ಕಾಪಾಡಿಕೊಳ್ಳುತ್ತದೆ. ನಮ್ಮ ಪಾತ್ರೆಯಲ್ಲಿ ಗೋಲಿಯ ಗಾತ್ರದ ಬಿಳಿ ಉಂಡೆಗಳು ಎದ್ದವು; ಸೌಟಿನಿಂದ ಒಂದನ್ನು ಬದಿಗೆ ಒತ್ತಿ ಸೀಳಿದರೆ ಒಳಗಿನಿಂದ ಪುಡಿ ಹೊಗೆಯಂತೆ ಹಾರಿತು. ಅಷ್ಟು ಹೊತ್ತು ಮಾತಾಡದೆ ಹುರುಳಿಕಾಯಿ ಮುರಿಯುತ್ತಿದ್ದ ಅಮ್ಮ ತಲೆಯೆತ್ತಿ ನೋಡಿ, “ರಾಗಿ ಅಂಬಲಿಗೆ ಹಿಟ್ಟನ್ನ ಮೊದಲು ತಣ್ಣೀರಲ್ಲಿ ಕದಡ್ಕೊಂಡು ಆಮೇಲೆ ತಾನೇ ಕುದಿಯೋ ನೀರಿಗೆ ಹಾಕೋದು, ಅಷ್ಟೂ ಗೊತ್ತಿಲ್ವೇನೋ?” ಎಂದರು. ನಾನು ಮಾಡುತ್ತಿರುವುದು ಅಂಬಲಿಯಲ್ಲ ಎಂದು ವಿವರಿಸಿದೆ. ಅವರು ಪಾತ್ರೆಯನ್ನು ಇನ್ನೊಮ್ಮೆ ಇಣುಕಿ, “ಅಂಬಲೀನೂ ಅಲ್ಲ ಬಿಡು” ಎಂದು ಒಪ್ಪಿಕೊಂಡರು.

ಹಾಲು ಬೆರೆಸಿ ರುಚಿ ಹೆಚ್ಚಿಸಲು ಹೋಗಿದ್ದು ಬೇರೆಯೇ ಕಥೆ. ಹುಳಿಯನ್ನು ಅಳೆಯುವ ಪಿಎಚ್ ಎಂಬ ಮಾನದಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು; ಟೊಮ್ಯಾಟೊದ ಹುಳಿ ಸುಮಾರು 4.3ರ ಆಸುಪಾಸಿನಲ್ಲಿರುತ್ತದೆ, ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು 4.6ರ ಹತ್ತಿರ ಬಂದರೆ ಒಡೆದು ಬೇರೆಯಾಗುತ್ತದೆ. ಬಿಸಿಯಿದ್ದರೆ ಅಲ್ಲಿಯವರೆಗೂ ಕಾಯುವುದಿಲ್ಲ. ಪರಿಣಾಮವಾಗಿ ಕೆಂಪು ನೀರಿನಲ್ಲಿ ಪನೀರಿನ ಚೂರುಗಳು ತೇಲಿದವು. ಇದು ಪನೀರ್ ಸೂಪ್ ಎಂದು ನಾನು ಘೋಷಿಸಿದ್ದಕ್ಕೆ ಮನೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ, ಕುಡಿಯಲೂ ಇಲ್ಲ.

ತರಕಾರಿಯ ಸಿಪ್ಪೆ, ದಂಟು, ಬೇರುಗಳನ್ನು ಬೇಯಿಸಿ ಬಸಿದ ‘ಸ್ಟಾಕ್’ ಇಲ್ಲದೆ ಸೂಪಿಗೆ ಕಸುವು ಬರುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಅದರಂತೆ ಎಲೆಕೋಸಿನ ದಿಂಡನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದ ಸಂಜೆ, ಕೋಸಿನೊಳಗಿನ ಗಂಧಕದ ಅಂಶಗಳೆಲ್ಲ ಬಿಡುಗಡೆಗೊಂಡು, ಮೇಲಿನ ಮನೆಯವರು ಚರಂಡಿ ಕಟ್ಟಿದೆಯೇ ಎಂದು ವಿಚಾರಿಸಲು ಇಳಿದು ಬಂದರು. “ರೀ, ಅವರಿಗೊಂದು ಬಟ್ಟಲು ಸೂಪ್ ಕೊಟ್ಟು ಕಳಿಸಿ” ಎಂದು ಹೆಂಡತಿ ಒಳಗಿನಿಂದ ಹೇಳಿದಳು. ಅವರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಬಸ್ಸಾರು ಮಾಡುವ, ಹೋಳಿಗೆಯ ದಿನ ಬೇಳೆಯ ಕಟ್ಟನ್ನು ಚೆಲ್ಲದೆ ಕಟ್ಟಿನ ಸಾರು ಮಾಡುವ ಅಮ್ಮನಿಗೆ ಸ್ಟಾಕಿನ ತತ್ತ್ವದಲ್ಲಿ ಹೊಸತೇನೂ ಕಾಣಲಿಲ್ಲ. ಬೇಯಿಸಿದ ಹುರುಳಿಕಾಳನ್ನು ಪಲ್ಯಕ್ಕೆ ತೆಗೆದಿಟ್ಟು ಕಟ್ಟನ್ನು ಮಾತ್ರ ಸಾರಿಗೆ ಬಳಸುವ ಮನೆಯಲ್ಲಿ, ಕೋಸಿನ ದಿಂಡಿಗೆ ಗ್ಯಾಸು ಉರಿಸಿದ್ದೇಕೆ ಎಂಬುದಷ್ಟೇ ಅವರ ಪ್ರಶ್ನೆ.

ಇಷ್ಟೆಲ್ಲ ಆದರೂ, ಗೋಡೆಯ ಕಲೆಗಳನ್ನಾಗಲಿ ವಾಸನೆಯನ್ನಾಗಲಿ ಅಮ್ಮ ಎಂದೂ ದೊಡ್ಡದು ಮಾಡಿದವರಲ್ಲ. ಅವರು ಕ್ಷಮಿಸಲಾರದ್ದು ಬೇರೆ. ತಟ್ಟೆಗೆ ಬರುವ ದ್ರವ ಪದಾರ್ಥಕ್ಕೆ ಅನ್ನವೋ ಮುದ್ದೆಯೋ ಜೊತೆಗಿರಬೇಕೆಂಬುದು ಅವರ ತಿಳಿವಳಿಕೆ. ಸೂಪು ಚೆನ್ನಾಗಿ ಬಂದ ದಿನವೂ (ಸಿಹಿಗುಂಬಳದ್ದು ನಿಜಕ್ಕೂ ಚೆನ್ನಾಗಿ ಬರುತ್ತದೆ, ಹೋಳುಗಳನ್ನು ಮೊದಲು ಬೆಣ್ಣೆಯಲ್ಲಿ ಕೆಂಪಗೆ ಹುರಿಯಬೇಕು) ಅವರು ಬಟ್ಟಲನ್ನು ಹಿಡಿದು ಕೇಳುವುದು ಒಂದೇ: “ಸರಿ, ಇದನ್ನ ಯಾವುದಕ್ಕೆ ಕಲಸ್ಕೊಳ್ಳೋದು?” ಮದರಾಸಿನ ಕಡೆಯಿದ್ದ ಇಂಗ್ಲಿಷರು ನಮ್ಮ ದಕ್ಷಿಣದ ಮೆಣಸಿನ ಸಾರನ್ನೇ ಮಲ್ಲಿಗಟಾನಿ ಎಂಬ ಸೂಪನ್ನಾಗಿಸಿಕೊಂಡು, ಅದಕ್ಕೆ ಮಾಂಸ, ಈರುಳ್ಳಿ ಸೇರಿಸಿ, ಊಟದ ಮೊದಲಿಗೆ ಚಮಚದಲ್ಲಿ ಕುಡಿಯುತ್ತಿದ್ದರೆಂದು ನಾನು ಇತಿಹಾಸವನ್ನು ಸಾಕ್ಷಿಗೆ ಕರೆದೆ. ಆದರೆ ಆ ಸೂಪಿನ ಜೊತೆಗೆ ಬಹಳ ಮನೆಗಳಲ್ಲಿ ಒಂದಿಷ್ಟು ಅನ್ನವನ್ನೂ ಬಡಿಸುತ್ತಿದ್ದರು ಎಂಬ ಉಪಾಂಗವನ್ನು ಪ್ರಾಮಾಣಿಕತೆಯ ಭರದಲ್ಲಿ ಸೇರಿಸಿಬಿಟ್ಟೆ. ಅಮ್ಮನ ಮುಖ ಅರಳಿತು. “ನೋಡು, ಅವರಿಗೂ ಕೊನೆಗೆ ತಿಳೀತು” ಎಂದವರೇ ಎದ್ದು ಹೋಗಿ ನನ್ನ ಸಿಹಿಗುಂಬಳದ ಸೂಪಿಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರು.

ಈಚೆಗೆ ಆರತಕ್ಷತೆಗಳಲ್ಲಿ ಬಾಗಿಲಲ್ಲೇ ಸೂಪಿನ ಲೋಟ ಕೊಡುವ ಪದ್ಧತಿ ಬಂದಿದೆಯಷ್ಟೆ. ಹಾಗೆ ಕೊಟ್ಟದ್ದನ್ನು ಅಮ್ಮ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು, ವಧೂವರರಿಗೆ ಅಕ್ಷತೆ ಹಾಕುವ ಸಾಲಿನಲ್ಲೂ ಬಿಡದೆ, ಊಟದ ಹಾಲಿನವರೆಗೂ ಒಯ್ದು, ಅನ್ನ ಬಡಿಸಿದ ಮೇಲೆಯೇ ಉಪಯೋಗಿಸಿದರು. ಬಡಿಸುವ ಹುಡುಗ ಸಾರಿನ ಬಕೆಟ್ಟು ಹಿಡಿದು ಬಂದಾಗ, ಆಗಲೇ ಆಯಿತಪ್ಪ ಎಂದು ಕೈ ಅಡ್ಡ ಹಿಡಿದರು.

ನಮ್ಮ ಮನೆಯಲ್ಲಿ ಒಗ್ಗರಣೆಯಾದ ಮೇಲೂ ಮಿಕ್ಕ ಸೂಪನ್ನು ಏನು ಮಾಡುವುದೆಂಬ ಸಮಸ್ಯೆಯನ್ನು ಹೆಂಡತಿ ಬಗೆಹರಿಸಿದ್ದಾಳೆ. ಬೆಳಿಗ್ಗೆ ಅದನ್ನೇ ನೀರಿನ ಬದಲು ಗೋಧಿಹಿಟ್ಟಿಗೆ ಹಾಕಿ ಕಲಸುತ್ತಾಳೆ. ಚಪಾತಿ ಮೆತ್ತಗೂ ಬರುತ್ತದೆ, ಬಣ್ಣವೂ ಬರುತ್ತದೆ, ಉಪ್ಪು ಹಾಕುವ ಶ್ರಮವೂ ಉಳಿಯುತ್ತದೆ. ಮಗಳ ಡಬ್ಬಿಯ ಕೆಂಪು ಚಪಾತಿಗೆ ಶಾಲೆಯಲ್ಲಿ ಭಾರಿ ಬೇಡಿಕೆಯಂತೆ. ಸೂಪನ್ನು ಇದುವರೆಗೆ ಒಂದು ಚಮಚವೂ ಕುಡಿಯದ ಅವಳು ಮೊನ್ನೆ ಸಂಜೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, “ಅಪ್ಪ, ಇವತ್ತು ಪಾಲಕ್ ಸೂಪ್ ಮಾಡು, ಸ್ವಲ್ಪ ಜಾಸ್ತೀನೇ ಮಾಡು, ನಾಳೆ ನಾಲ್ಕು ಜನಕ್ಕೆ ಹಸಿರು ಚಪಾತಿ ಒಪ್ಕೊಂಡಿದ್ದೀನಿ” ಎಂದಳು.