ಸತ್ಯಾಂಶ: ಕೆಲಸ ಹೋದರೆ ಬಾಡಿಗೆ ಮಾಫಿಯೇ?

‘ಕೆಲಸ ಕಳೆದುಕೊಂಡವರು ಮೂರು ತಿಂಗಳು ಬಾಡಿಗೆ ಕಟ್ಟಬೇಕಿಲ್ಲ, ಮಾಲೀಕ ಕೇಳುವಂತೆಯೂ ಇಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿದೆ. ಇದು ಸುಳ್ಳು. ಸಂಬಳ ನಿಂತರೂ ಬಾಡಿಗೆಯ ಹೊಣೆ ನಿಲ್ಲುವುದಿಲ್ಲ. ಬಾಕಿ ಬೆಳೆಯುತ್ತಲೇ ಇರುತ್ತದೆ.

ಹಾಗೆಂದು ಮಾಲೀಕರು ಮರುದಿನವೇ ಬೀಗ ಜಡಿಯುವಂತಿಲ್ಲ. ನೀರು, ಕರೆಂಟು ಕಡಿದು ಓಡಿಸುವುದೂ ಕಾನೂನಿನ ದಾರಿಯಲ್ಲ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಬೇಕು. ರಾಜ್ಯದ ಬಾಡಿಗೆ ಕಾಯ್ದೆ ಅನ್ವಯಿಸುವ ಮನೆಗಳಿಗೆ ಅದರ ನಿಯಮವೇ ಮೇಲು. ನೋಟಿಸ್ ಅವಧಿ ಮುಗಿದ ಮೇಲೂ ಬಾಡಿಗೆದಾರ ಬಿಡದಿದ್ದರೆ ನ್ಯಾಯಾಲಯದ ಆದೇಶವೇ ಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಆಸ್ತಿ ವರ್ಗಾವಣೆ ಕಾಯ್ದೆಯದೇ 114ನೇ ಕಲಂ. ಬಾಡಿಗೆ ಕೊಡದ ಕಾರಣಕ್ಕೆ ಗುತ್ತಿಗೆ ರದ್ದಾಗಿ ದಾವೆ ಬಂದರೆ, ವಿಚಾರಣೆಯ ವೇಳೆ ಬಾಕಿ, ಬಡ್ಡಿ ಮತ್ತು ದಾವೆಯ ಪೂರ್ತಿ ಖರ್ಚು ಕಟ್ಟಿದವರನ್ನು ನ್ಯಾಯಾಲಯ ಉಳಿಸಬಹುದು. ಗಮನಿಸಿ, ‘ಉಳಿಸಬಹುದು’, ಉಳಿಸಲೇಬೇಕೆಂದಿಲ್ಲ. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಡಿ ಆರು ತಿಂಗಳೊಳಗೆ ಸ್ವಾಧೀನಕ್ಕೆ ದಾವೆ ಹೂಡಬೇಕು. ತಡವಾದರೆ ಈ ಸುಲಭ ದಾರಿ ಮುಚ್ಚುತ್ತದೆ.

ಕೆಲಸ ಹೋದ ವಾರವೇ ಮಾಲೀಕರಿಗೆ ಬರಹದಲ್ಲಿ ತಿಳಿಸಿ: ಎಷ್ಟು ಬಾಕಿ, ಯಾವ ದಿನ ಎಷ್ಟು ಕೊಡುತ್ತೀರಿ. ಅರ್ಧ ಬಾಡಿಗೆಯಾದರೂ ಯುಪಿಐ ಅಥವಾ ಚೆಕ್‌ನಲ್ಲಿ ಕೊಡಿ; ನಗದು ಕೊಟ್ಟು ರಸೀದಿ ಕೇಳದಿರುವುದೇ ಎಷ್ಟೋ ಪ್ರಕರಣಗಳಲ್ಲಿ ಸೋಲಿಗೆ ಕಾರಣ. ಮುಂಗಡದಲ್ಲಿ ಮುರಿದುಕೊಳ್ಳಿ ಎನ್ನಬಹುದು, ಆದರೆ ಮಾಲೀಕರು ಒಪ್ಪಿದ್ದನ್ನು ಬರೆಸಿಕೊಳ್ಳಿ.